ದೈತ್ಯ ಗೊಂಬೆ: ಕಾರ್ಖಾನೆಯದೋ, ಹೇಳಿ ಮಾಡಿಸಿದ್ದೋ?

1954ರಲ್ಲಿ ತೆರೆಗೆ ಬಂದ ಗಾಡ್ಜಿಲ್ಲಾದಂಥ ದೈತ್ಯರ ಕೀಲುಗೊಂಬೆಗಳನ್ನು ಸಂಗ್ರಹಿಸುವವರು ಜಪಾನಿನ ಆಟಿಕೆ ಕಂಪನಿ ಬಂಡಾಯ್‌ನ ಎಸ್‌.ಎಚ್‌. ಮಾನ್‌ಸ್ಟರ್‌ಆರ್ಟ್ಸ್‌ನಂಥ ಕಾರ್ಖಾನೆ ಗೊಂಬೆಗಳ ಸರಣಿಯನ್ನು ಆರಿಸಿಕೊಂಡರೆ, ಬಾಲದ ಒಂದೊಂದು ತುಂಡೂ ಹದವಾಗಿ ಬಾಗಿ, ಇಟ್ಟ ಭಂಗಿಯಲ್ಲೇ ನಿಲ್ಲುತ್ತದೆ.

ಕಲಾವಿದರಿಂದ ಹೇಳಿ ಮಾಡಿಸಿದ ಗೊಂಬೆಯಲ್ಲಿ ಆ ಭರವಸೆ ಕಡಿಮೆ. ಅದನ್ನು ಸಾಮಾನ್ಯವಾಗಿ ಎರಕಹೊಯ್ಯುವ ರೆಸಿನ್ ಎಂಬ ಪ್ಲಾಸ್ಟಿಕ್ ಗಟ್ಟಿಯಾದರೂ ಪೆಡಸು, ಕೆಳಗೆ ಬಿದ್ದರೆ ಉಗುರು ಮುರಿಯುತ್ತದೆ. ಭುಜವನ್ನು ತಿರುಗಿಸಿದಾಗಲೆಲ್ಲ ಬಣ್ಣ ಉಜ್ಜಿಹೋಗಿ ಒಳಗಿನ ಬೂದು ಪದರ ಇಣುಕುತ್ತದೆ. ಆದರೂ ಯಾವ ಕಂಪನಿಯೂ ತಯಾರಿಸದ ದೈತ್ಯವೊಂದು ಮನಸ್ಸಿನಲ್ಲಿ ಕೂತಿದ್ದರೆ, ಬೆನ್ನಿನ ಮುಳ್ಳುಹಲಗೆಗಳನ್ನು ಬಿಡಿಬಿಡಿಯಾಗಿ ಕೆತ್ತಿ, ಬಣ್ಣವನ್ನು ಬಹುಪಾಲು ಒರೆಸಿ ತೆಗೆದ ಒಣಕುಂಚದಿಂದ ಅವುಗಳ ಅಂಚಿಗೆ ತಿಳಿಬಣ್ಣ ಸವರುವ ಆ ಕೈಕೆಲಸಕ್ಕೆ ತಿಂಗಳುಗಟ್ಟಲೆ ಕಾಯುವುದು ಸಾರ್ಥಕವೆಂದೇ ನನ್ನ ನಂಬಿಕೆ.

ಪದೇಪದೇ ಭಂಗಿ ಬದಲಿಸಿ ಛಾಯಾಚಿತ್ರ ತೆಗೆಯುವವರಿಗೆ ಮಾತ್ರ ಕಾರ್ಖಾನೆಯದೇ ಸರಿ. ಮಾಡಿಸುವುದೇ ಆದರೆ, ಮುಂಗಡ ಕೊಡುವ ಮೊದಲು ಆ ಕಲಾವಿದರ ಹಿಂದಿನ ಗೊಂಬೆಯ ಕೀಲುಗಳು ಬಾಗುವ ವಿಡಿಯೋವನ್ನು ತಪ್ಪದೆ ಕೇಳಿ ನೋಡಬೇಕು.