ಗೀಸರ್: ರಿಪೇರಿಯೋ, ಹೊಸದೋ, ಸೋಲಾರೋ? ಬಳಸಿ ನೋಡಿದ ಲೆಕ್ಕ

ಗೀಸರ್ ಕೆಟ್ಟರೆ ಮನೆಯಲ್ಲಿ ಎರಡು ಪಕ್ಷ ಆಗುತ್ತದೆ. "ಇನ್ನೂ ಒಂದೆರಡು ವರ್ಷ ಓಡತ್ತೆ, ರಿಪೇರಿ ಮಾಡ್ಸೋಣ" ಅನ್ನುವವರು ಒಂದು ಕಡೆ. "ಹಳೇದಕ್ಕೆ ಎಷ್ಟೂಂತ ದುಡ್ಡು ಸುರಿಯೋದು, ಹೊಸದೇ ತರೋಣ" ಅನ್ನುವವರು ಇನ್ನೊಂದು ಕಡೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಎರಡೂ ಆಗಿದೆ. ಮೊದಲು ರಿಪೇರಿ, ಆಮೇಲೆ ಹೊಸದು. ಅದಕ್ಕೂ ಮುಂಚೆ ಸರಸ್ವತಿಪುರಂನಲ್ಲಿ ಬಾಡಿಗೆಗಿದ್ದಾಗ ಗ್ಯಾಸ್ ಗೀಸರ್ ಬಳಸಿದ್ದೇವೆ. ಮಂಡ್ಯದಲ್ಲಿ ಅಮ್ಮನ ಮನೆಗೆ ಹೋದರೆ ಸೋಲಾರ್. ಪಾಂಡವಪುರದ ಹತ್ತಿರ ದೊಡ್ಡಪ್ಪನ ಮನೆಯಲ್ಲಿ ಇವತ್ತಿಗೂ ಹಂಡೆ ಒಲೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗೀಸರ್‌ಗೆ ಎಷ್ಟು ವಯಸ್ಸಾಯಿತು ಅನ್ನೋದಕ್ಕಿಂತ ಒಳಗಿನ ಟ್ಯಾಂಕ್ ಹೇಗಿದೆ ಅನ್ನೋದು ಮುಖ್ಯ. ಟ್ಯಾಂಕ್ ಗಟ್ಟಿ ಇದ್ದರೆ ರಿಪೇರಿ ಮಾಡಿಸಿ. ಟ್ಯಾಂಕೇ ಸೋರುತ್ತಿದ್ದರೆ ಒಂದು ರೂಪಾಯಿ ಕೂಡ ಹಾಕಬೇಡಿ. ಬದಲಿಗೆ ಏನು ತರಬೇಕು ಅನ್ನೋದು ನಿಮ್ಮ ಮನೆಗೆ ಬರುವ ನೀರಿನ ಮೇಲೆ ನಿಂತಿದೆ.

ಹಳೇ ಗೀಸರ್ ರಿಪೇರಿ

ನಮ್ಮದು 25 ಲೀಟರಿನ ಗೀಸರ್. ಬೇಸಿಗೆ ಬಂತೆಂದರೆ ನಮ್ಮ ಕಡೆ ಕಾವೇರಿ ನೀರು ಕಡಿಮೆ ಬಿಟ್ಟು, ಬೋರ್ ನೀರು ಸೇರಿಸಿಕೊಳ್ಳಬೇಕಾಗುತ್ತದೆ. ಕಾಯುವಾಗ ಒಳಗೆ ಪಟಪಟ ಸದ್ದು ಶುರುವಾಗಿತ್ತು. ಒಂದು ದಿನ ಸ್ವಿಚ್ ಹಾಕಿದ ಕೂಡಲೇ ಮನೆಯ ಕರೆಂಟೆಲ್ಲ ಟ್ರಿಪ್ ಆಯಿತು. ಎಲೆಕ್ಟ್ರಿಷಿಯನ್ ಬಂದು ಕೆಳಗಿನ ಮುಚ್ಚಳ ಬಿಚ್ಚಿ ಕಾಯಿಲ್ ಹೊರಗೆ ಎಳೆದರು. ಅದರ ಮೇಲೆ ಬೆರಳು ದಪ್ಪ ಬಿಳಿ ಪದರ ಕಟ್ಟಿತ್ತು. ಸ್ಕ್ರೂಡ್ರೈವರ್‌ನಲ್ಲಿ ತಟ್ಟಿದರೆ ಸುಣ್ಣದ ಚಕ್ಕೆಯ ಹಾಗೆ ಉದುರುತ್ತಿತ್ತು. ಒಂದು ಕಡೆ ಕಾಯಿಲ್ ಸೀಳಿತ್ತು.

"ಅಕ್ಕಾ, ಕಾಯಿಲ್ ಹೋಗಿದೆ ಅಷ್ಟೇ. ಟ್ಯಾಂಕ್ ಚೆನ್ನಾಗಿದೆ, ಬಿಸಾಕ್ಬೇಡಿ" ಅಂದರು. ಆ ಪುಣ್ಯಾತ್ಮ ಹೊಸದು ಮಾರುವ ಆಸೆ ಇಟ್ಟುಕೊಳ್ಳದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಬಿಸಿಯಾದಾಗ ಹೀಗೆ ಕಾಯಿಲ್ ಮೇಲೆ ಕೂರುತ್ತದೆ. ಆಗ ಕಾಯಿಲ್‌ನ ಶಾಖ ನೀರಿಗೆ ಸರಿಯಾಗಿ ದಾಟುವುದಿಲ್ಲ. ಕಾಯಿಲ್ ತಾನೇ ಅತಿಯಾಗಿ ಕಾದು ಸೀಳುತ್ತದೆ. ಥರ್ಮೋಸ್ಟಾಟ್ ಕೂರುವ ಕೊಳವೆಗೂ ಅದೇ ಪದರ ಕಟ್ಟಿದರೆ ನೀರಿನ ಬಿಸಿ ಅದಕ್ಕೆ ಗೊತ್ತಾಗುವುದಿಲ್ಲ. ಬೇಗ ಕಟ್ ಆಗುತ್ತದೆ, ಇಲ್ಲವೇ ಕುದಿಯುವವರೆಗೂ ಕಟ್ ಆಗುವುದೇ ಇಲ್ಲ.

ಹೊಸ ಕಾಯಿಲ್, ಥರ್ಮೋಸ್ಟಾಟ್, ವಾಷರ್, ಕೂಲಿ ಎಲ್ಲ ಸೇರಿದರೂ ಹೊಸ ಗೀಸರ್ ಬೆಲೆಯ ಕಾಲು ಭಾಗ ಆಗಲಿಲ್ಲ. ಆಮೇಲೂ ಅದು ವರ್ಷಗಟ್ಟಲೆ ಓಡಿತು. ಹಾಗಾಗಿ ಟ್ರಿಪ್ ಆಗೋದು, ಬಿಸಿಯೇ ಆಗದಿರೋದು, ಸದ್ದು ಮಾಡೋದು, ಇವ್ಯಾವುವೂ ಗೀಸರ್ ಬದಲಿಸಬೇಕಾದ ಲಕ್ಷಣ ಅಲ್ಲ. ಆದರೆ ಟ್ರಿಪ್ ಆಗುವ ಗೀಸರನ್ನು ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಕಾಯಿಲ್ ಸೀಳಿ ನೀರಿಗೆ ಕರೆಂಟ್ ಹರಿಯುತ್ತಿದೆ ಅಂತ ಆ ಟ್ರಿಪ್ ಎಚ್ಚರಿಸುತ್ತಿದೆ. ನಲ್ಲಿ ಮುಟ್ಟಿದರೆ ಜುಂ ಅನ್ನಿಸಿದರಂತೂ ಅವತ್ತೇ ನಿಲ್ಲಿಸಿ, ಅರ್ಥಿಂಗ್ ಕೂಡ ನೋಡಿಸಿ.

ಆನೋಡ್ ರಾಡ್ ಬಗ್ಗೆ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಗ್ಲಾಸ್ ಲೈನಿಂಗ್ ಇರುವ ಸ್ಟೀಲ್ ಟ್ಯಾಂಕಿನ ಒಳಗೆ ಮೆಗ್ನೀಷಿಯಂನ ಒಂದು ಕಡ್ಡಿ ಇರುತ್ತದೆ. ತುಕ್ಕು ಟ್ಯಾಂಕನ್ನು ಹಿಡಿಯುವ ಬದಲು ಮೊದಲು ಆ ಕಡ್ಡಿಯನ್ನು ತಿನ್ನುತ್ತದೆ. ಕಡ್ಡಿ ಸವೆದು ಮುಗಿದರೆ ಟ್ಯಾಂಕಿನ ಸರದಿ. ನಮ್ಮದರಲ್ಲಿ ನಡುವಿನ ತಂತಿ ಮಾತ್ರ ಉಳಿದಿತ್ತು. ಬೋರ್ ನೀರಿನ ಮನೆಯವರು ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬಿಚ್ಚಿಸಿ ನೋಡಬೇಕು. ಟ್ಯಾಂಕಿನ ಆಯಸ್ಸು ಹೆಚ್ಚಿಸುವುದಕ್ಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಬದಲಿಸಲೇಬೇಕು ಅಂತ ಯಾವಾಗ ಗೊತ್ತಾಗುತ್ತದೆ?

ಗೀಸರ್ ಕೆಳಗೆ ಹನಿ ಬಿದ್ದ ತಕ್ಷಣ ಟ್ಯಾಂಕ್ ತೂತಾಯಿತು ಅಂದುಕೊಳ್ಳಬೇಡಿ. ಹನಿ ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಿ. ಎಂಸಿಬಿ ಆಫ್ ಮಾಡಿ, ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಟಾರ್ಚ್ ಹಿಡಿದು ಕಾಯಿರಿ. ಕಾಯಿಲ್ ಕೂರಿಸಿದ ಜಾಗದ ಸುತ್ತ ನೀರು ಜಿನುಗಿದರೆ ವಾಷರ್ ಹೋಗಿದೆ, ಬದಲಿಸಿದರೆ ಸಾಕು. ಸೇಫ್ಟಿ ವಾಲ್ವ್‌ನಿಂದ ನೀರು ಕಾಯುವಾಗ ಮಾತ್ರ ನಾಲ್ಕು ಹನಿ ಬಿದ್ದರೆ ಚಿಂತೆ ಇಲ್ಲ, ಬಿಸಿಯಾದ ನೀರು ಹಿಗ್ಗುತ್ತದೆ ಅಲ್ವಾ. ದಿನವಿಡೀ ಸುರಿಯುತ್ತಿದ್ದರೆ ವಾಲ್ವ್ ಬದಲಿಸಿ. ಕೆಲವರು ಅದರ ಬಾಯಿ ಮುಚ್ಚಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒತ್ತಡ ಹೊರಗೆ ಹೋಗೋಕೆ ಇರುವ ದಾರಿ ಅದು, ಮುಚ್ಚಿದರೆ ಗೀಸರ್ ಸಿಡಿಯಬಹುದು.

ವಾಷರ್ ಒಣಗಿದೆ, ವಾಲ್ವ್ ಸರಿಯಿದೆ, ಆದರೂ ಹೊರಕವಚದ ಒಳಗಿಂದ, ಫೋಮ್ ನೆನೆದು ನೀರು ಇಳಿಯುತ್ತಿದೆ ಅಂದರೆ ಟ್ಯಾಂಕೇ ಹೋಗಿದೆ. ನಮ್ಮದು ಕೊನೆಗೆ ಹೀಗೇ ಆಯಿತು. ಬೆಸುಗೆ ಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಒಂದು ಕಡೆ ತುಕ್ಕು ತಿಂದ ಟ್ಯಾಂಕ್ ಪಕ್ಕದಲ್ಲೂ ತೆಳ್ಳಗಾಗಿರುತ್ತದೆ, ಬೆಸುಗೆ ಬಾಳಿಕೆ ಬರುವುದಿಲ್ಲ.

ಇದಕ್ಕೆ ಮುಂಚೆಯೇ ಒಂದು ಸೂಚನೆ ಸಿಗುತ್ತದೆ. ಎರಡು ಬಿಳಿ ಮಗ್ ತಗೊಂಡು ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು ಹಿಡಿಯಿರಿ. ಎರಡೂ ಕೆಂಪಗಿದ್ದರೆ ಪೈಪಿನದೋ ಮೇಲಿನ ಟ್ಯಾಂಕಿನದೋ ಸಮಸ್ಯೆ. ಬಿಸಿನೀರು ಮಾತ್ರ ಕೆಂಪಗಿದ್ದರೆ ಗೀಸರ್ ಒಳಗೆ ತುಕ್ಕು ಶುರುವಾಗಿದೆ. ಆಗಿನಿಂದಲೇ ದುಡ್ಡು ಹೊಂದಿಸಿಕೊಳ್ಳೋದು ಒಳ್ಳೇದು.

ಹೊಸ ಕರೆಂಟ್ ಗೀಸರ್

25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು ಒಂದು ಯೂನಿಟ್ ಕರೆಂಟ್ ಬೇಕು. ಎರಡು ಸಾವಿರ ವ್ಯಾಟಿನ ಕಾಯಿಲ್‌ಗೆ ಅದು ಅರ್ಧ ಗಂಟೆಯ ಕೆಲಸ. ಯಾವ ಕಂಪನಿಯದಾದರೂ ಇದು ಬದಲಾಗುವುದಿಲ್ಲ. ಅಂಗಡಿಯವರು "ಇದು ಕರೆಂಟ್ ಕಡಿಮೆ ತಿನ್ನತ್ತೆ" ಅಂದರೆ ಕಾಯಿಸುವುದರಲ್ಲಿ ಉಳಿತಾಯ ಇದೆ ಅಂತ ತಿಳಿಯಬೇಡಿ. ಸ್ಟಾರ್ ಲೇಬಲ್ ಹೇಳೋದು ಕಾದ ನೀರು ಸುಮ್ನೆ ನಿಂತಾಗ ಎಷ್ಟು ಶಾಖ ಸೋರಿಹೋಗುತ್ತದೆ ಅನ್ನೋದನ್ನು. ದಿನವಿಡೀ ಆನ್ ಇಡುವವರಿಗೆ ಐದು ಸ್ಟಾರ್ ಬಹಳ ಮುಖ್ಯ. ಸ್ನಾನದ ಹೊತ್ತಿಗೆ ಮಾತ್ರ ಹಾಕಿ ಆರಿಸುವ ನಮ್ಮಂಥವರಿಗೆ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ.

ನಾವು 25 ಬಿಟ್ಟು 15 ಲೀಟರ್ ತಂದೆವು. ಬಕೆಟ್ ಸ್ನಾನಕ್ಕೆ ಅಷ್ಟು ಸಾಕು. ಒಬ್ಬರಾದ ಮೇಲೆ ಒಬ್ಬರಿಗೆ ಹತ್ತು ಹದಿನೈದು ನಿಮಿಷ ಕಾಯಬೇಕು, ಅಷ್ಟೇ. ಬಿಲ್ ನೋಡುವವರಿಗೆ ಇದು ಸಣ್ಣ ವಿಷಯ ಅಲ್ಲ. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದು ಮಿತಿ ಕಟ್ಟಿದ್ದಾರೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 25 ಲೀಟರನ್ನು ದಿನಕ್ಕೆ ಎರಡು ಸಲ ಕಾಯಿಸಿದರೆ ತಿಂಗಳಿಗೆ 60 ಯೂನಿಟ್ ಅದಕ್ಕೇ ಹೋಯಿತು.

ಮಂಡ್ಯ ಸುತ್ತಮುತ್ತಲ ಹಳ್ಳಿಯವರು ಇನ್ನೊಂದು ವಿಷಯ ಗಮನಿಸಬೇಕು. ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ಎರಡು ಸಾವಿರ ವ್ಯಾಟಿನ ಕಾಯಿಲ್ ಕೊಡೋದು ಸುಮಾರು ಒಂದೂವರೆ ಸಾವಿರ ವ್ಯಾಟ್ ಮಾತ್ರ. ನೀರು ನಿಧಾನ ಕಾಯುತ್ತಿದೆ ಅಂತ ಗೀಸರನ್ನು ಬೈದು ಬದಲಿಸುವ ಮುಂಚೆ ವೋಲ್ಟೇಜ್ ಅಳೆಸಿ ನೋಡಿ.

ಮೂರು ಲೀಟರಿನ ಇನ್‌ಸ್ಟೆಂಟ್ ಗೀಸರ್ ಅಡುಗೆಮನೆ ಸಿಂಕಿಗೆ ಚೆನ್ನ. ಜನವರಿಯ ಬೆಳಗಿನ ಸ್ನಾನಕ್ಕೆ ನನಗೆ ಹಿಡಿಸಲಿಲ್ಲ. ನಲ್ಲಿ ಸ್ವಲ್ಪ ಜಾಸ್ತಿ ತಿರುಗಿಸಿದರೆ ಉಗುರುಬೆಚ್ಚಗಿನ ನೀರೇ ಬರೋದು.

ಗ್ಯಾಸ್ ಗೀಸರ್

ಕರೆಂಟ್ ಹೋದರೂ ಬಿಸಿನೀರು, ಕಾಯುವ ಗೋಜಿಲ್ಲ, ಮನೆ ತುಂಬ ನೆಂಟರಿದ್ದರೂ ಮುಗಿಯುವುದಿಲ್ಲ. ದಸರಾ ಸಮಯದಲ್ಲಿ ಮೈಸೂರಿನ ಮನೆಗಳಿಗೆ ಎಷ್ಟು ಜನ ಬಂದಿಳಿಯುತ್ತಾರೆ ಅಂತ ಇಲ್ಲಿಯವರಿಗೆ ಗೊತ್ತು. ಆ ದಿನಗಳಲ್ಲಿ ಇದಕ್ಕೆ ಸಾಟಿ ಇಲ್ಲ. ನೀರಿನ ಒತ್ತಡ ಕಡಿಮೆಯಾದರೆ ಮಾತ್ರ ಹೊತ್ತಿಕೊಳ್ಳೋದೇ ಇಲ್ಲ. ಎರಡು ಬ್ಯಾಟರಿ ಸೆಲ್ ಹಾಕಬೇಕು, ಅವು ಮುಗಿದರೂ ಹಾಗೆಯೇ.

ಆದರೂ ನಾನು ಇದನ್ನು ಮತ್ತೆ ತರುವುದಿಲ್ಲ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರು ತಲೆ ಸುತ್ತಿ ಬಿದ್ದರೆ ಕೂಗುವಷ್ಟು ಶಕ್ತಿಯೂ ಉಳಿದಿರುವುದಿಲ್ಲ. ಇರಲೇಬೇಕು ಅಂದರೆ ಗೀಸರ್ ಮತ್ತು ಸಿಲಿಂಡರ್ ಎರಡೂ ಹೊರಗಿನ ಗೋಡೆ ಮೇಲೆ, ಗಾಳಿಯಾಡುವ ಕಡೆ ಇರಲಿ. ಪೈಪ್ ಮಾತ್ರ ಒಳಗೆ ಬರಲಿ. ಗವಾಕ್ಷಿ ಇದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಚಳಿಗಾಲದಲ್ಲಿ ಅದನ್ನೂ ಮುಚ್ಚುತ್ತೇವೆ.

ಉರಿ ನೀಲಿ ಬಿಟ್ಟು ಹಳದಿಯಾದರೆ, ಮೇಲೆ ಮಸಿ ಕಂಡರೆ, ಹೊತ್ತಿಕೊಳ್ಳುವಾಗ ಡಬ್ ಅಂತ ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಸರ್ವಿಸ್ ಆದಮೇಲೂ ಹಾಗೇ ಇದ್ದರೆ ಬದಲಿಸಬೇಕು. ಇಲ್ಲಿ ಉಳಿತಾಯದ ಮಾತೇ ಬೇಡ. ಬಾಡಿಗೆ ಮನೆಯಾದರೆ ಮಾಲೀಕರ ಹತ್ತಿರ ಜಗಳ ಆಡಿಯಾದರೂ ಬದಲಿಸಿಸಿ.

ಸೋಲಾರ್

ಮಂಡ್ಯದ ಅಮ್ಮನ ಮನೆ ಪೂರ್ತಿ ಬೋರ್ ನೀರು. ತಾರಸಿ ಮೇಲೆ ಗಾಜಿನ ಕೊಳವೆಗಳ ಸೋಲಾರ್ ಇದೆ. ಫೆಬ್ರವರಿಯಿಂದ ಮೇವರೆಗೆ ನೀರು ಕೈ ಸುಡುವಷ್ಟು ಬಿಸಿ. ಜುಲೈ, ಆಗಸ್ಟಿನ ಮೋಡದ ದಿನಗಳಲ್ಲಿ ಬೆಚ್ಚಗಿರುತ್ತದೆ ಅಷ್ಟೇ, ಒಳಗಿನ ಕರೆಂಟ್ ಕಾಯಿಲ್ ಹಾಕಲೇಬೇಕು. ಬಚ್ಚಲಿಗೆ ಪೈಪ್ ಉದ್ದವಾದಷ್ಟೂ ಮೊದಲು ಬರುವ ತಣ್ಣೀರು ಜಾಸ್ತಿ. ಅಮ್ಮ ಅದನ್ನು ಬಕೆಟಿನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಾರೆ.

ಗಡಸು ನೀರಿಗೆ ಕೊಳವೆ ಸೋಲಾರೇ ವಾಸಿ ಅಂತ ನನಗೆ ಅಲ್ಲಿ ಮನದಟ್ಟಾಯಿತು. ಚಪ್ಪಟೆ ಪ್ಯಾನೆಲ್ ಒಳಗಿನ ತಾಮ್ರದ ಸಣ್ಣ ಪೈಪುಗಳಲ್ಲಿ ಸುಣ್ಣ ಕಟ್ಟಿಕೊಂಡರೆ ಆಸಿಡ್ ಹಾಕಿ ತೊಳೆಸಬೇಕು. ಗಾಜಿನ ಕೊಳವೆಯನ್ನು ರಬ್ಬರ್ ಉಂಗುರಕ್ಕೆ ಸೋಪು ನೀರು ಸವರಿ ಎಳೆದು, ತೊಳೆದು, ಮತ್ತೆ ಸಿಕ್ಕಿಸಬಹುದು. ಮುಂಜಾನೆ ಅಥವಾ ಸಂಜೆ ಮಾಡಿಸಬೇಕು, ಬಿಸಿಲಲ್ಲಿ ಕಾದ ಖಾಲಿ ಕೊಳವೆಗೆ ತಣ್ಣೀರು ಬಿದ್ದರೆ ಗಾಜು ಒಡೆಯುತ್ತದೆ.

ಅಮ್ಮನ ಮನೆಯಲ್ಲಿ ನೀರು ಮೊದಲಿನಷ್ಟು ಬಿಸಿ ಇಲ್ಲ ಅನ್ನಿಸಿದಾಗ ಕರೆಸಿದವರು ಹೊಸ ಸೆಟ್ಟೇ ಹಾಕಿಸಿ ಅಂದಿದ್ದರು. ನಾನು ಹೋಗಿ ಒಂದೊಂದೇ ಕೊಳವೆಯ ತುದಿ ನೋಡಿದೆ. ಚೆನ್ನಾಗಿರುವ ಕೊಳವೆಯ ತುದಿ ಕನ್ನಡಿಯ ಹಾಗೆ ಹೊಳೆಯುತ್ತದೆ. ಎರಡು ಗಾಜಿನ ನಡುವಿನ ನಿರ್ವಾತ ಹೋದರೆ ಆ ಹೊಳಪು ಮಾಯವಾಗಿ ಹಾಲಿನ ಬಿಳುಪು ಬರುತ್ತದೆ. ಮೂರು ನಾಲ್ಕು ಹಾಗೆ ಬೆಳ್ಳಗಾಗಿದ್ದವು. ಅವನ್ನಷ್ಟೇ ಬದಲಿಸಿದೆವು, ಸರಿಹೋಯಿತು. ಸಂಜೆ ಸುಡುವಷ್ಟು ಬಿಸಿ ಇದ್ದ ನೀರು ಬೆಳಗ್ಗೆ ತಣ್ಣಗಾಗಿದ್ದರೆ, ಕೊಳವೆಗಳೂ ಸರಿಯಿದ್ದರೆ, ಆಗ ಟ್ಯಾಂಕಿನ ಸುತ್ತ ಇರುವ ಫೋಮ್ ನೆನೆದಿದೆ ಅಂತ ಅನುಮಾನಪಡಬಹುದು. ಅದಾದರೆ ಟ್ಯಾಂಕ್ ಬದಲಿಸಬೇಕು, ಸ್ಟ್ಯಾಂಡ್ ಮತ್ತು ಕೊಳವೆಗಳನ್ನು ಉಳಿಸಿಕೊಳ್ಳಬಹುದು.

ಹಂಡೆ ಒಲೆ

ತೆಂಗಿನ ಗರಿ, ಮಟ್ಟೆ, ಚಿಪ್ಪು ತೋಟದಲ್ಲೇ ಬಿದ್ದಿರುವಾಗ ದೊಡ್ಡಪ್ಪನಿಗೆ ಬೇರೆ ಯಾವುದೂ ಬೇಕಾಗಿಲ್ಲ. ಆ ನೀರಿನ ಸುಖವೇ ಬೇರೆ ಅಂತ ನಾನೂ ಒಪ್ಪುತ್ತೇನೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬಕ್ಕೆ ತೊಳೆದು, ಅರಿಶಿನ ಕುಂಕುಮ ಹಚ್ಚುವ ಹಂಡೆ ಅದು. ಆದರೆ ಹೊಗೆ ಕುಡಿಯೋದು ದೊಡ್ಡಮ್ಮ. ಹೊಗೆ ಕೊಳವೆ ಇಲ್ಲದ ಒಲೆಯನ್ನು ನಾನು ಯಾರಿಗೂ ಹೇಳಲಾರೆ. ಈಚೆಗೆ ಅಲ್ಲಿ ನಡುವೆ ಹೊಗೆ ಕೊಳವೆ ಇರುವ ತಾಮ್ರದ ಬಾಯ್ಲರ್ ಹಾಕಿಸುವ ಮಾತು ನಡೆದಿದೆ, ದೊಡ್ಡಮ್ಮನೇ ಪಟ್ಟು ಹಿಡಿದಿದ್ದಾರೆ.

ಹೀಗೆ ನೋಡಿದರೆ ಸ್ವಂತ ತಾರಸಿ ಇದ್ದವರಿಗೆ ನಾನು ಹೇಳೋದು ಸೋಲಾರ್, ಜೊತೆಗೆ ಮಳೆಗಾಲಕ್ಕೆ ಒಂದು ಸಣ್ಣ ಕರೆಂಟ್ ಗೀಸರ್. ಅಪಾರ್ಟ್‌ಮೆಂಟಿನವರಿಗೆ, ಬಾಡಿಗೆಯವರಿಗೆ 15 ಲೀಟರಿನದು. ಕೊಳ್ಳುವಾಗ ಟ್ಯಾಂಕಿನ ವಾರಂಟಿ ಮತ್ತು ಕಾಯಿಲ್‌ನ ವಾರಂಟಿ ಬೇರೆ ಬೇರೆ ಕೇಳಿ, ಟ್ಯಾಂಕಿನದು ಜಾಸ್ತಿ ವರ್ಷ ಇರಬೇಕು. ಗಡಸು ನೀರಿಗೆ ಆ ವಾರಂಟಿ ನಡೆಯುತ್ತದಾ ಅಂತಲೂ ಕಾರ್ಡಿನಲ್ಲಿ ಓದಿ. ಹಾಕುವವರು ಹಳೇ ಕನೆಕ್ಷನ್ ಪೈಪನ್ನೇ ಸಿಕ್ಕಿಸಲು ಹೋದರೆ ಬೇಡ ಅನ್ನಿ. ನಮ್ಮ ಬೀದಿಯಲ್ಲಿ ಹೊಸ ಗೀಸರ್ ಹಾಕಿಸಿದ ವಾರದಲ್ಲೇ ಸೋರಿದ ಮನೆಗಳಲ್ಲಿ ಸೋರಿದ್ದು ಆ ಹಳೇ ಪೈಪೇ.