ಕೋಕೋಪೀಟೋ, ಹೊಟ್ಟು ಬೆರೆಸಿದ ಕೆಮ್ಮಣ್ಣೋ: ನಮ್ಮ ತಾರಸಿಯಲ್ಲಿ ಗೆದ್ದದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೊಟ್ಟು ಬೆರೆಸಿದ ಕೆಮ್ಮಣ್ಣಿಗೆ. ಮಂಡ್ಯದಲ್ಲಿ ಇದ್ದುಕೊಂಡು, ಗಿಡ ನೆಡುವುದಕ್ಕೆ ಕೋಕೋಪೀಟ್ ಅನ್ನುವ ತೆಂಗಿನ ನಾರಿನ ಪುಡಿಯನ್ನು, ಒತ್ತಿ ಮಾಡಿದ ಇಟ್ಟಿಗೆಯ ಲೆಕ್ಕದಲ್ಲಿ ಕೊಂಡ ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಈ ಹೋಲಿಕೆಯಲ್ಲಿ ಪೂರ್ತಿ ನ್ಯಾಯ ನಿರೀಕ್ಷಿಸಬೇಡಿ.

ತಾರಸಿ ಒಂದೇ, ಬಿಸಿಲು ಒಂದೇ, ಗ್ರೋ ಬ್ಯಾಗ್‌ಗಳ ಅಳತೆಯೂ ಒಂದೇ. ಒಂದು ಸಾಲಿಗೆ ಕೋಕೋಪೀಟ್ ಮತ್ತು ಎರೆಹುಳು ಗೊಬ್ಬರ, ಇನ್ನೊಂದಕ್ಕೆ ನರ್ಸರಿಯಲ್ಲಿ ಚೀಲದಲ್ಲಿ ಸಿಗುವ ಸಿದ್ಧ ಮಿಶ್ರಣ, ಮತ್ತೊಂದಕ್ಕೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಭತ್ತದ ಹೊಟ್ಟು. ಟೊಮೆಟೊ, ಬದನೆ, ಕೊತ್ತಂಬರಿ, ಮೆಂತ್ಯ, ಪುದೀನವನ್ನು ಮೂರರಲ್ಲೂ ಹಾಕಿದೆ. ದೊಡ್ಡಪತ್ರೆಯನ್ನು ಲೆಕ್ಕಕ್ಕೆ ಸೇರಿಸಿಲ್ಲ. ಅದು ಒಡೆದ ಬಕೆಟ್ಟಿನಲ್ಲೂ ಬೆಳೆಯುತ್ತದೆ.

ಕೋಕೋಪೀಟ್ ಹಗುರ, ಅದನ್ನು ಒಪ್ಪಿಕೊಳ್ಳಲೇಬೇಕು. ಐದು ಕಿಲೋ ಇಟ್ಟಿಗೆ ನೆನೆದರೆ 60ರಿಂದ 75 ಲೀಟರಿನಷ್ಟು ಉಬ್ಬುತ್ತದೆ. ಅಂಗಡಿಯವರು "ನೆನೆಸಿ, ತುಂಬಿ, ಬೀಜ ಹಾಕಿ, ಅಷ್ಟೇ ಅಕ್ಕ" ಎಂದಿದ್ದರು. ಅಷ್ಟೇ ಅಲ್ಲ. ತೆಂಗಿನ ನಾರಿನ ಪುಡಿಯಲ್ಲಿ ಸೋಡಿಯಂ, ಪೊಟ್ಯಾಷಿಯಂ ಲವಣಗಳು ಉಳಿದಿರುತ್ತವೆ. ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕೊಳೆಹಾಕಿದ್ದರಂತೂ ಇನ್ನೂ ಹೆಚ್ಚು. ಮೆಂತ್ಯದ ಎಲೆಯಂಚು ಸುಟ್ಟಂತೆ ಕಂದಾದ ಮೇಲೆ ಉಳಿದದ್ದನ್ನು ತೊಳೆಯಲು ಕೂತೆ. ಮೊದಲ ಬಕೆಟ್ ನೀರು ಡಿಕಾಕ್ಷನ್ನಿನಂತೆ ಇಳಿಯಿತು. ಎರಡನೆಯದೂ ಕಂದೇ. ತಾರಸಿಯ ಮೇಲೆ ಹರಿದ ನೀರು ಕಲೆ ಬಿಟ್ಟಿತು, ಅದನ್ನು ಉಜ್ಜುವುದಕ್ಕೆ ಮತ್ತೆ ನೀರು. ದಿನ ಬಿಟ್ಟು ದಿನ ನಲ್ಲಿ ಬಿಡುವ ನಮ್ಮ ಬೀದಿಯಲ್ಲಿ ಇದು ಯಾರಿಗೆ ಬೇಕು? ಇ.ಸಿ. ಕಡಿಮೆ ಎಂದು ಬರೆದಿರುವ, ಅಂದರೆ ಉಪ್ಪಿನಂಶ ತೆಗೆದಿರುವ ಇಟ್ಟಿಗೆಯೂ ಸಿಗುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ.

ತೊಳೆದ ಮೇಲೆ ಶುರುವಾದದ್ದು ಇನ್ನೊಂದು ರಗಳೆ. ಕೋಕೋಪೀಟಿನ ಮೇಲ್ಪದರ ಬಿಸಿಲಿಗೆ ಬೇಗ ಒಣಗಿ ತಿಳಿ ಬಣ್ಣಕ್ಕೆ ತಿರುಗುತ್ತದೆ, ಬೆರಳನ್ನು ಎರಡು ಗೆಣ್ಣು ಊರಿದರೆ ಅಡಿಯಲ್ಲಿ ಇನ್ನೂ ತಣ್ಣಗೆ ಒದ್ದೆ. ನಮ್ಮ ಮನೆಯಲ್ಲಿ ಬೆಳಗಿನ ನೀರು ಅತ್ತೆಯವರದು. ಅವರು ಹುಟ್ಟಿದಾಗಿನಿಂದ ಮಣ್ಣಿನ ಬಣ್ಣ ನೋಡಿ ನೀರು ಹಾಕಿದವರು, ಪ್ರತಿ ಚೀಲಕ್ಕೂ ಬೆರಳು ಊರಿ ನೋಡಿ ಎಂದರೆ ನಗುತ್ತಾರೆ. ಬೇರಿಗೆ ಗಾಳಿ ಸಿಗದೆ ಟೊಮೆಟೊ ಸೊರಗಿತು. ಸೊರಗಿದ ಗಿಡ ಬಾಯಾರಿದ ಹಾಗೆ ಕಂಡಿತು. ಮತ್ತೊಂದು ಚೊಂಬು ನೀರು ಬಿತ್ತು. ಆಮೇಲೆ ಬುಡದ ಸುತ್ತ ಸಣ್ಣ ಕರಿ ನೊಣಗಳು. ಪುದೀನದ ಕಡ್ಡಿ ಬುಡದಿಂದ ಕೊಳೆಯಿತು. ಇದರಲ್ಲಿ ಅತ್ತೆಯವರ ತಪ್ಪೇನೂ ಇಲ್ಲ. ಒದ್ದೆಯಾಗಿದ್ದೂ ಒಣಗಿದ ಹಾಗೆ ನಟಿಸುವ ವಸ್ತು ಹತ್ತು ಕೈ ನೀರು ಹಾಕುವ ಮನೆಗೆ ಹೇಳಿಸಿದ್ದಲ್ಲ.

ಗಿಡಗಳ ಬಣ್ಣವೂ ಸಪ್ಪೆಯಾಗಿತ್ತು. ನಾರಿನ ಪುಡಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ತೀರಾ ಕಡಿಮೆ; ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಗೊಬ್ಬರದ ಸಾರಜನಕವನ್ನೇ ಮೊದಲು ತಿನ್ನುತ್ತವೆ. ಆಗಾಗ ದ್ರವ ಗೊಬ್ಬರ ಕೊಡುವ ಶಿಸ್ತು ಇದ್ದವರಿಗೆ ಇದು ದೊಡ್ಡ ವಿಷಯವಲ್ಲ.

ಸಿದ್ಧ ಮಿಶ್ರಣ: ಚೀಲ ಬಿಚ್ಚಿ ಸುರಿದರೆ ಬಹುಪಾಲು ಅದೇ ಕೋಕೋಪೀಟ್, ಬೆಲೆ ಮಾತ್ರ ಬೇರೆ.

ಇನ್ನು ನನ್ನ ಮೆಚ್ಚಿನದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಹರಿಯುವ ಕಡೆ ಭತ್ತಕ್ಕೇನು ಕೊರತೆ, ಭತ್ತವಿದ್ದಲ್ಲಿ ಅಕ್ಕಿ ಗಿರಣಿ ಇದ್ದೇ ಇರುತ್ತದೆ. ಗಿರಣಿಯವರು ಕೊಟ್ಟ ಗೋಣಿಚೀಲ ತುಂಬ ಹೊಟ್ಟಿಗೆ ಆದ ಖರ್ಚು ಒಂದು ಇಟ್ಟಿಗೆ ಕೋಕೋಪೀಟಿನ ಹತ್ತಿರಕ್ಕೂ ಬರುವುದಿಲ್ಲ. ಕೇಳುವಾಗ ಹೊಟ್ಟು ಎಂದೇ ಕೇಳಿ. ತೌಡು ಬೆರೆತು ಬಂದರೆ ಇರುವೆ, ಇಲಿಗಳಿಗೆ ಹಬ್ಬ.

ಬರೀ ಕೆಮ್ಮಣ್ಣು ಕುಂಡದಲ್ಲಿ ಒಣಗಿದಾಗ ಗಟ್ಟಿಯಾಗಿ ಕುಗ್ಗುತ್ತದೆ, ಅಂಚಿನಲ್ಲಿ ಸಂದು ಬಿಡುತ್ತದೆ, ಹಾಕಿದ ನೀರು ಬೇರಿಗೆ ತಾಗದೆ ಆ ಸಂದಿನಿಂದಲೇ ಇಳಿದುಹೋಗುತ್ತದೆ. ಹೊಟ್ಟು ಇದನ್ನು ತಡೆಯುತ್ತದೆ. ಅದರಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ, ಮಣ್ಣು ಸಡಿಲವಾಗಿಯೇ ಉಳಿಯುತ್ತದೆ. ನನ್ನ ಅಳತೆ ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಹೊಟ್ಟು, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ. ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಹೆಬ್ಬೆರಳು ತಾಗಿಸಿದರೆ ಉದುರಬೇಕು. ಉದುರದಿದ್ದರೆ ಇನ್ನಷ್ಟು ಹೊಟ್ಟು. ಪುಕ್ಕಟೆ ಸಿಗುತ್ತದೆಂದು ಗದ್ದೆಯ ಜಿಗುಟು ಮಣ್ಣನ್ನು ಮಾತ್ರ ತರಬೇಡಿ. ಗೊಬ್ಬರ ಚೆನ್ನಾಗಿ ಕಳಿತಿರಲಿ, ತುಂಬುವ ಮುಂಚೆ ಕೆದಕಿ ಗೊಣ್ಣೆಹುಳು ಇದೆಯೇ ನೋಡಿ.

ಕೊತ್ತಂಬರಿಯಲ್ಲಿ ವ್ಯತ್ಯಾಸ ಎದ್ದು ಕಂಡಿತು. ಬೀಜವನ್ನು ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿದರೆ ಎಂಟು ಹತ್ತು ದಿನಕ್ಕೆ ಮೊಳಕೆ ಬರಬೇಕು. ಹೊಟ್ಟು ಬೆರೆತ ಮಣ್ಣು ಹೆಪ್ಪುಗಟ್ಟದ ಕಾರಣ ಮೊಳಕೆ ಸರಾಗವಾಗಿ ಮೇಲೆ ಬಂತು. ಜೊತೆಗೆ ಹೊಟ್ಟಿನಲ್ಲಿ ಉಳಿದಿದ್ದ ಭತ್ತವೂ ಬಂತು. ಕೊತ್ತಂಬರಿಯ ನಡುವೆ ಭತ್ತದ ಪೈರು ಕೀಳುವುದು ಈ ಮಿಶ್ರಣದ ಒಂದು ಕಿರಿಕಿರಿ. ಏಪ್ರಿಲ್ ಬಿಸಿಲಿಗೆ ಕೊತ್ತಂಬರಿ ಹೂವಿಗೆ ಹೋಗುವುದನ್ನು ಮಾತ್ರ ಯಾವ ಮಣ್ಣೂ ತಡೆಯಲಿಲ್ಲ.

ತೂಕದಲ್ಲಿ ಮಣ್ಣು ಸೋಲುತ್ತದೆ. ಇಪ್ಪತ್ತು ಲೀಟರಿನ ಚೀಲ ನೀರು ಕುಡಿದ ಮೇಲೆ ಒಬ್ಬರ ಕೈಯಲ್ಲಿ ಎತ್ತುವಂತಿಲ್ಲ. ನಮ್ಮದು ಸ್ವಂತ ಮನೆ, ಚೀಲಗಳನ್ನು ತಾರಸಿಯ ನಡುವೆ ಇಡದೆ ಕೆಳಗೆ ಗೋಡೆ ಇರುವ ಕಡೆ ಸಾಲಾಗಿ ಇಟ್ಟಿದ್ದೇವೆ. ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿದ್ದು ವರ್ಷ ವರ್ಷ ಸಾಮಾನು ಕಟ್ಟುವವರು, ಒಬ್ಬರೇ ನೀರು ಹಾಕುವವರು, ಕೋಕೋಪೀಟನ್ನೇ ತೊಳೆದು ಬಳಸಲಿ.

ನಮ್ಮಲ್ಲಿ ಉಳಿದ ಇಟ್ಟಿಗೆಗಳು ಸಸಿ ಟ್ರೇಗೆ ಸಾಲುತ್ತವೆ. ಅದಕ್ಕೆ ಕೋಕೋಪೀಟ್ ನಿಜಕ್ಕೂ ಒಳ್ಳೆಯದು: ಮೆಣಸಿನ ಸಸಿಯನ್ನು ಬೇರು ಹರಿಯದಂತೆ ಎತ್ತಬಹುದು. ನಾಲ್ಕೈದು ಎಲೆ ಬಂದ ಕೂಡಲೇ ಕೆಮ್ಮಣ್ಣಿಗೆ ದಾಟಿಸುತ್ತೇನೆ.