ರೋಡಿನಲ್, ಪರ್ಸೆಪ್ಟಾಲ್, ಡಿ-76: ಒಂದೇ ರೋಲು, ಮೂರು ತುಂಡು

ಫಿಲ್ಮ್ ತೊಳೆಯುವಾಗ ಗ್ರೇನ್, ಅಂದರೆ ಚಿತ್ರದಲ್ಲಿ ಕಾಣುವ ಬೆಳ್ಳಿಯ ಕಣ, ಸಣ್ಣದಾಗಿರಬೇಕು, ಚಿತ್ರವೂ ಚೂಪಾಗಿರಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂದ ಹಾಗೆ. ಇವೆರಡೂ ಜೊತೆಗೇ ಬರುತ್ತವೆ ಅಂತ ನಾನು ಬಹಳ ದಿನ ನಂಬಿದ್ದೆ. ಒಂದು ರೋಲನ್ನು ಕತ್ತರಿಸಿದ ಮೇಲೆ ಆ ನಂಬಿಕೆ ಹೋಯಿತು.

35 ಎಂಎಂ ಎಫ್‌ಪಿ4 ಪ್ಲಸ್, ಕಪ್ಪು-ಬಿಳುಪು ಫಿಲ್ಮ್. ಟ್ರೈಪಾಡ್ ಮೇಲೆ ಕ್ಯಾಮೆರಾ. ಎದುರಿಗೆ ಬಿರುಕು ಬಿಟ್ಟ ಮರದ ಬಾಗಿಲು, ಚಿಲಕಕ್ಕೆ ಕಟ್ಟಿದ ಒಂದು ಸೆಣಬಿನ ಹಗ್ಗ. ಇಡೀ ರೋಲು ಅದೇ ಚಿತ್ರ, ಅದೇ ಎಕ್ಸ್‌ಪೋಷರ್. ಕತ್ತಲ ಚೀಲದಲ್ಲಿ ಅಂದಾಜಿನ ಮೇಲೆ ಮೂರು ತುಂಡು ಮಾಡಿ, ಒಂದೊಂದನ್ನು ಒಂದೊಂದು ಡೆವಲಪರ್‌ಗೆ, ಅಂದರೆ ಫಿಲ್ಮಿನ ಚಿತ್ರವನ್ನು ಮೂಡಿಸುವ ದ್ರಾವಣಕ್ಕೆ, ಹಾಕಿದೆ. ಮೂರಕ್ಕೂ 20 ಡಿಗ್ರಿ.

ರೋಡಿನಲ್ 1891ರಷ್ಟು ಹಳೆಯದು. 1+50ಕ್ಕೆ ಬೆರೆಸಿದೆ, ಅಂದರೆ ಒಂದು ಪಾಲಿಗೆ 50 ಪಾಲು ನೀರು. ಲೂಪ್ (ಭೂತಗನ್ನಡಿ) ಇಟ್ಟು ನೋಡಿದರೆ ಹಗ್ಗದ ನಾರುಗಳನ್ನು ಎಣಿಸಬಹುದು! ಆದರೆ ಪಕ್ಕದ ಬೋಳು ಗೋಡೆಯ ಮೇಲೆ ಮರಳು ಎರಚಿದ ಹಾಗೆ ಗ್ರೇನ್.

ಪರ್ಸೆಪ್ಟಾಲ್ ಸ್ಟಾಕ್, ಅಂದರೆ ಮತ್ತೆ ನೀರು ಸೇರಿಸದ ಮೂಲ ದ್ರಾವಣ, ಇದಕ್ಕೆ ತದ್ವಿರುದ್ಧ. ಗೋಡೆ ನುಣ್ಣಗೆ, ಹಗ್ಗದ ಅಂಚು ಸ್ವಲ್ಪ ಮೆತ್ತಗೆ. ಬಾಗಿಲಿನ ಸಂದಿಯ ನೆರಳಲ್ಲಿ ಮಾತ್ರ ಏನೂ ಇಲ್ಲ, ಫಿಲ್ಮ್ ಖಾಲಿ. ತಪ್ಪು ನನ್ನದೇ. ಇದು ಫಿಲ್ಮಿನ ವೇಗವನ್ನು ಸುಮಾರು ಒಂದು ಸ್ಟಾಪ್ ತಿನ್ನುತ್ತದೆ, ಅಂದರೆ ಎರಡು ಪಟ್ಟು ಬೆಳಕು ಬೇಕು. ನಾನು ಫಿಲ್ಮಿನ ಮೂಲ ವೇಗ ಐಎಸ್‌ಒ 125ರಲ್ಲೇ ತೆಗೆದಿದ್ದೆ. ಆಮೇಲೆ 64ಕ್ಕೆ ಇಟ್ಟು ತೆಗೆದಾಗ ನೆರಳು ತುಂಬಿಕೊಂಡಿತು.

ಡಿ-76 ಹತ್ತಿರ ನಾನು ನಿಂತಿದ್ದೇ ಜಾಸ್ತಿ. ಇದರ ಸ್ಟಾಕ್‌ನಲ್ಲಿ ಲೀಟರಿಗೆ 100 ಗ್ರಾಂ ಸೋಡಿಯಂ ಸಲ್ಫೈಟ್ ಇರುತ್ತದೆ. ಅದು ಕಣಗಳ ಅಂಚನ್ನು ಕರಗಿಸುತ್ತದೆ. ಗ್ರೇನ್ ಸಣ್ಣದಾಗುವುದೂ ಅಂಚು ಮಂಕಾಗುವುದೂ ಅದರಿಂದಲೇ. ಸಮ ನೀರು ಬೆರೆಸಿದರೆ ಸಲ್ಫೈಟ್ ಅರ್ಧಕ್ಕೆ ಇಳಿಯುತ್ತದೆ, ಕರಗಿಸುವ ಜೋರು ತಗ್ಗುತ್ತದೆ. ಇನ್ನೊಂದು ಲಾಭವೂ ಇದೆ. ಹೆಚ್ಚು ಬೆಳಕು ಬಿದ್ದ ಕಡೆ ತೆಳು ಡೆವಲಪರ್ ಬೇಗ ಸೋಲುತ್ತದೆ, ಪಕ್ಕದ ನೆರಳಿನಿಂದ ಹೊಸದು ಗಡಿಯ ತನಕ ಬರುತ್ತದೆ. ಹಾಗಾಗಿ ಗಡಿಯಲ್ಲಿ ಒಂದು ಸಣ್ಣ ಗೆರೆ ಎಳೆದ ಹಾಗೆ ಅಂಚು ಎದ್ದು ಕಾಣುತ್ತದೆ. ಟ್ಯಾಂಕನ್ನು ಸುಮ್ನೆ ಕುಲುಕುತ್ತಲೇ ಇದ್ದರೆ ಇದು ಕೆಡುತ್ತದೆ ಅಲ್ವಾ? ನಾನು ಹಾಗೇ ಮಾಡುತ್ತಿದ್ದೆ. ಈಗ ನಿಮಿಷಕ್ಕೆ ನಾಲ್ಕು ಸಲ ತಿರುಗಿಸಿ ಕೆಳಗಿಡುತ್ತೇನೆ, 11 ನಿಮಿಷ. ಹಗ್ಗ ರೋಡಿನಲ್‌ನಷ್ಟು ಚೂಪಿಲ್ಲ, ಗೋಡೆ ಪರ್ಸೆಪ್ಟಾಲ್‌ನಷ್ಟು ನುಣುಪಿಲ್ಲ. ಆದರೆ ಪ್ರಿಂಟ್‌ನಲ್ಲಿ ಎರಡೂ ಕಣ್ಣಿಗೆ ಹಿತ.

ಎಕ್ಸ್‌ಟಾಲ್ ಅನ್ನೋ ನಾಲ್ಕನೇ ಡೆವಲಪರನ್ನು 1+1ರಲ್ಲಿ ಬೇರೆ ರೋಲಿಗೆ ಹಾಕಿ ನೋಡಿದೆ. ನಿಜ ಹೇಳಬೇಕೆಂದರೆ ನಾಲ್ಕರಲ್ಲಿ ಇದೇ ಮೇಲು. ಗ್ರೇನ್ ಡಿ-76ಗಿಂತ ಒಂದು ಕೂದಲೆಳೆ ಸಣ್ಣ, ನೆರಳೂ ಚೆನ್ನ. ಆದರೆ ಪೊಟ್ಟಣ ಬೆರೆಸಿದರೆ 5 ಲೀಟರ್. ನನಗೆ ತಿಂಗಳಿಗೆ ಒಂದೋ ಎರಡೋ ರೋಲು. ಅರ್ಧ ಖಾಲಿಯಾದ ಬಾಟಲಿಯನ್ನು ಮರೆತು, ತಿಂಗಳುಗಟ್ಟಲೆ ಇಟ್ಟು ಬಳಸಿದೆ. ಬಣ್ಣ ಬದಲಾಗಿರಲಿಲ್ಲ, ವಾಸನೆಯೂ ಇಲ್ಲ. ಫಿಲ್ಮ್ ಹೊರಬಂದಾಗ ಗಾಜಿನ ಹಾಗೆ ಸ್ವಚ್ಛ. ಕಾರ್ಖಾನೆಯಲ್ಲೇ ಬೆಳಕಿನಿಂದ ಅಚ್ಚಾಗಿ ಬರುವ ಅಂಚಿನ ಫ್ರೇಮ್ ನಂಬರ್‌ಗಳೂ ಇರಲಿಲ್ಲ. ನಂಬರ್ ಕೂಡ ಇಲ್ಲ ಅಂದರೆ ಕ್ಯಾಮೆರಾ ಬೈಯಬೇಡಿ, ಸತ್ತಿದ್ದು ಡೆವಲಪರ್.

ಈಗ 35 ಎಂಎಂಗೆ ಡಿ-76 1+1, ಒಮ್ಮೆ ಬಳಸಿ ಚೆಲ್ಲುವುದು. 6×6 ಸೆಂ.ಮೀ.ನ ದೊಡ್ಡ ನೆಗೆಟಿವ್‌ಗೆ ರೋಡಿನಲ್. ಅಲ್ಲಿ ಹಿಗ್ಗಿಸುವುದು ಕಮ್ಮಿ, ಗ್ರೇನ್ ಕಾಡುವುದಿಲ್ಲ. ಯಾವುದೇ ಇರಲಿ, ಟ್ಯಾಂಕಿಗೆ ಸುರಿಯುವ ಮುಂಚೆ ಫಿಲ್ಮಿನ ತುದಿಯ ಒಂದು ಚೂರನ್ನು ಬೆಳಕಲ್ಲೇ ಅದರೊಳಗೆ ಅದ್ದುತ್ತೇನೆ. ಕಪ್ಪಾದರೆ ಸರಿ, ಇಲ್ಲದಿದ್ದರೆ ಬಾಟಲಿ ಬಚ್ಚಲಿಗೆ.